22.6: ಕಡಿಮೆಯೋ, ಸಾಕೋ?

ಈಗ ಯಾವ ಹೆಲ್ತ್ ಚೆಕಪ್ ಪ್ಯಾಕೇಜ್ ಮಾಡಿಸಿದರೂ ಅದರಲ್ಲಿ ವಿಟಮಿನ್ ಡಿ ಸೇರಿರುತ್ತದೆ. ಶುಗರ್, ಕೊಲೆಸ್ಟ್ರಾಲ್, ಥೈರಾಯ್ಡ್ ಎಲ್ಲ ಸರಿಯಿದ್ದವರಿಗೂ ಈ ಒಂದು ಸಾಲಿನಲ್ಲಿ ಮಾತ್ರ ದಪ್ಪಕ್ಷರದ ಅಂಕಿ, ಪಕ್ಕದಲ್ಲೊಂದು ಕೆಳಮುಖದ ಬಾಣ. ಸಂಜೆ ಪಿಡಿಎಫ್ ಮೊಬೈಲಿಗೆ ಬಂದರೆ ರಾತ್ರಿಯೊಳಗೆ ಮನೆಯವರ ವಾಟ್ಸ್ಯಾಪ್ ಗುಂಪಿನಲ್ಲಿ ಉಪದೇಶ ಶುರು: "ನಂಗೂ ಇಷ್ಟೇ ಇತ್ತು ಕಣೇ, ಆ ಅರವತ್ತು ಸಾವಿರದ್ದು ಸ್ಯಾಶೆ ಬರುತ್ತಲ್ಲ, ಅದು ತಗೋ." ಮರುದಿನ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆಯೂ ಅದು ಸಿಕ್ಕಿಬಿಡುತ್ತದೆ. ಎಷ್ಟು ವಾರ ತೆಗೆದುಕೊಳ್ಳಬೇಕು, ಯಾವಾಗ ನಿಲ್ಲಿಸಬೇಕು, ನಿಲ್ಲಿಸಿದ ಮೇಲೆ ಏನು ಎಂಬುದನ್ನು ಹೇಳುವವರಿಲ್ಲ, ಕೇಳುವವರೂ ಕಡಿಮೆ. ತೊಂದರೆಯೆಲ್ಲ ಹುಟ್ಟುವುದು ಇಲ್ಲಿಂದಲೇ. ಕೆಲವರು ನಾಲ್ಕು ಸ್ಯಾಶೆ ಕುಡಿದು ಮರೆತುಬಿಡುತ್ತಾರೆ. ಇನ್ನು ಕೆಲವರು ವರ್ಷಗಟ್ಟಲೆ ವಾರಕ್ಕೊಂದರಂತೆ ಕುಡಿಯುತ್ತಲೇ ಇರುತ್ತಾರೆ.

ರಿಪೋರ್ಟಿನ ಆ ಒಂದು ಸಾಲು

ಅಂಕಿಗೆ ಮೊದಲು ಪರೀಕ್ಷೆಯ ಹೆಸರನ್ನು ನೋಡಿ. "25-ಹೈಡ್ರಾಕ್ಸಿ ವಿಟಮಿನ್ ಡಿ, ಟೋಟಲ್" ಎಂದಿರಬೇಕು. ಬಿಸಿಲಿನಿಂದ ಚರ್ಮದಲ್ಲಿ ತಯಾರಾದ ಡಿ ಆಗಲಿ, ನುಂಗಿದ ಮಾತ್ರೆಯ ಡಿ ಆಗಲಿ, ಯಕೃತ್ತಿಗೆ ಹೋಗಿ ಈ ರೂಪ ತಳೆಯುತ್ತದೆ. ರಕ್ತದಲ್ಲಿ ಇದರ ಪ್ರಮಾಣ ಅರ್ಧಕ್ಕಿಳಿಯಲು ಎರಡು ಮೂರು ವಾರ ಬೇಕು. ಹಾಗಾಗಿ ದೇಹದಲ್ಲಿ ಎಷ್ಟು ದಾಸ್ತಾನಿದೆ ಎಂದು ತಿಳಿಯಲು ಅಳೆಯುವುದು ಇದನ್ನೇ.

ಇದೇ ಹೆಸರಿನ ದಾಯಾದಿಯೊಂದಿದೆ: "1,25-ಡೈಹೈಡ್ರಾಕ್ಸಿ ವಿಟಮಿನ್ ಡಿ". ಕಿಡ್ನಿ ತನಗೆ ಬೇಕಾದಷ್ಟನ್ನು ದಾಸ್ತಾನಿನಿಂದ ತೆಗೆದು ತಯಾರಿಸುವ, ನಿಜವಾಗಿ ಕೆಲಸ ಮಾಡುವ ಹಾರ್ಮೋನ್ ಇದು. ರಕ್ತದಲ್ಲಿ ಇದರ ಆಯುಷ್ಯ ಕೆಲವೇ ಗಂಟೆ. ದಾಸ್ತಾನು ತಳ ಕಂಡಾಗಲೂ ಪ್ಯಾರಾಥೈರಾಯ್ಡ್ ಗ್ರಂಥಿ ಕಿಡ್ನಿಯ ಬೆನ್ನು ಬಿದ್ದು ಇದನ್ನು ಮಾಡಿಸುತ್ತದೆ. ಆದ್ದರಿಂದ ಕೊರತೆಯಿದ್ದವರಲ್ಲೂ ಇದು ನಾರ್ಮಲ್ ಬರಬಹುದು, ಹೆಚ್ಚೂ ಬರಬಹುದು. ಕಿಡ್ನಿ ಕಾಯಿಲೆಯಲ್ಲಿ, ಕ್ಯಾಲ್ಸಿಯಂ ಕಾರಣವಿಲ್ಲದೆ ಏರಿದಾಗ ವೈದ್ಯರು ಇದನ್ನು ಬರೆಯುತ್ತಾರೆ. ಕೊರತೆ ಇದೆಯೇ ಎಂದು ನೋಡಲು ಇದು ಬೇಡ. ನಿಮ್ಮ ರಿಪೋರ್ಟಿನಲ್ಲಿ ಇದೇ ಇದ್ದರೆ ಮುಂದೆ ಓದುವ ಅಂಕಿಗಳನ್ನು ಅದಕ್ಕೆ ಹೊಂದಿಸಲು ಹೋಗಬೇಡಿ.

ಆಮೇಲೆ ಅಳತೆ. ನಮ್ಮ ಲ್ಯಾಬುಗಳು ಒಂದು ಮಿಲಿಲೀಟರ್ ರಕ್ತದಲ್ಲಿ ಎಷ್ಟು ನ್ಯಾನೊಗ್ರಾಂ ಎಂದು ಕೊಡುತ್ತವೆ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಲೀಟರಿಗೆ ಎಷ್ಟು ನ್ಯಾನೊಮೋಲ್ ಎಂಬ ಲೆಕ್ಕ. ನಮ್ಮ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಅವರದು ಬರುತ್ತದೆ. ಶಿವಮೊಗ್ಗದ ತಾಯಿಯ ರಿಪೋರ್ಟಿನಲ್ಲಿ 22, ಲಂಡನ್ನಿನ ಮಗನದರಲ್ಲಿ 55. "ನಿಂಗೆ ಚೆನ್ನಾಗಿದೆ ಬಿಡಪ್ಪ, ನಂದೇ ನೆಲ ಕಚ್ಚಿದೆ" ಎಂದು ತಾಯಿ ಕೊರಗಬೇಕಿಲ್ಲ. ಇಬ್ಬರದೂ ಒಂದೇ ಮಟ್ಟ. ಈ ಲೇಖನದ ಅಂಕಿಗಳೆಲ್ಲ ನಮ್ಮ ನ್ಯಾನೊಗ್ರಾಂ ಲೆಕ್ಕದವು.

ಇನ್ನು ಪರೀಕ್ಷೆಯ ವಿಧಾನ. ಸಣ್ಣಕ್ಷರದಲ್ಲಿ ಸಿಎಲ್‌ಐಎ ಎಂದೋ ಇಸಿಎಲ್‌ಐಎ ಎಂದೋ ಬರೆದಿರುತ್ತದೆ. ಎಲ್‌ಸಿ-ಎಂಎಸ್/ಎಂಎಸ್ ಎಂದಿದ್ದರೆ ಅದು ಹೆಚ್ಚು ನಿಖರ, ಬೆಲೆಯೂ ಹೆಚ್ಚು. ವಿಧಾನ ಬದಲಾದರೆ ಒಂದೇ ರಕ್ತಕ್ಕೆ ನೂರಕ್ಕೆ ಹತ್ತು ಹದಿನೈದರಷ್ಟು ಅಂಕಿ ಆಚೀಚೆಯಾಗುವುದು ಮಾಮೂಲು. ಹೋದ ಸಲ 28, ಈ ಸಲ ಬೇರೆ ಲ್ಯಾಬಿನಲ್ಲಿ 31 ಬಂದರೆ ಏರಿತು ಅಂತಲೂ ಅಲ್ಲ, 26 ಬಂದರೆ ಇಳಿಯಿತು ಅಂತಲೂ ಅಲ್ಲ. ಮತ್ತೆ ನೋಡಿಸುವುದಿದ್ದರೆ ಅದೇ ಲ್ಯಾಬಿಗೆ ಹೋಗಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಕಾದ್ದಿಲ್ಲ. ಆದರೆ ಕೂದಲು ಉದುರುತ್ತದೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಲ್ಯಾಬಿನವರಿಗೆ ಹೇಳಿ, ಎರಡು ಮೂರು ದಿನ ಮೊದಲೇ ನಿಲ್ಲಿಸಿ. ಕೆಲವು ಯಂತ್ರಗಳಲ್ಲಿ ಬಯೋಟಿನ್ ವಿಟಮಿನ್ ಡಿ ಅಂಕಿಯನ್ನು ಸುಳ್ಳೇ ಮೇಲೇರಿಸುತ್ತದೆ. ಜ್ವರ ಬಂದು ಮಲಗಿದ್ದಾಗ, ದೊಡ್ಡ ಆಪರೇಷನ್ ಆದ ಹೊಸದರಲ್ಲಿ ಪರೀಕ್ಷೆ ಬೇಡ. ದೇಹದಲ್ಲಿ ಉರಿಯೂತ ಇದ್ದಾಗ ಅಂಕಿ ತಾನಾಗಿ ಇಳಿದಿರುತ್ತದೆ.

ಮೂವತ್ತರ ಗೆರೆ ಬಂದದ್ದೆಲ್ಲಿಂದ?

ಲ್ಯಾಬ್ ರಿಪೋರ್ಟಿನ ಬಲಬದಿಯಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ: 20ಕ್ಕಿಂತ ಕೆಳಗೆ ಕೊರತೆ, 20ರಿಂದ 30 ಸಾಲದು, 30ರಿಂದ 100 ಸಾಕು, 100ರ ಮೇಲೆ ಅಪಾಯ. ಕಲ್ಲಿನಲ್ಲಿ ಕೆತ್ತಿದ ಹಾಗೆ ಕಾಣುವ ಈ ಗೆರೆಗಳ ಬಗ್ಗೆ ತಜ್ಞರಲ್ಲೇ ಹದಿನೈದು ವರ್ಷಗಳ ಜಗಳವಿದೆ.

ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2010ರ ಕೊನೆಯಲ್ಲಿ ಒಂದು ದೊಡ್ಡ ವರದಿ ಕೊಟ್ಟಿತು. ಮೂಳೆಯ ಆರೋಗ್ಯದ ಮಟ್ಟಿಗೆ ಹೇಳುವುದಾದರೆ, ಸರಾಸರಿ ಮನುಷ್ಯನಿಗೆ 16 ಸಾಕು. 20 ಇದ್ದರೆ ಹೆಚ್ಚು ಕಡಿಮೆ ಎಲ್ಲರಿಗೂ, ಅಂದರೆ ನೂರಕ್ಕೆ 97 ಮಂದಿಗೆ ಸಾಕು. 12ರ ಕೆಳಗಾದರೆ ಕೊರತೆಯ ಅಪಾಯ. ಇದು ಅದರ ಸಾರ. ಮರುವರ್ಷ, 2011ರಲ್ಲಿ, ಅದೇ ಅಮೆರಿಕದ ಎಂಡೋಕ್ರೈನ್ ಸೊಸೈಟಿ ಬೇರೆ ಮಾತು ಹೇಳಿತು: 20ರ ಕೆಳಗೆ ಕೊರತೆ, 30 ದಾಟಿದರೆ ಮಾತ್ರ ಸಾಕು. ಲ್ಯಾಬುಗಳು ಹಿಡಿದುಕೊಂಡದ್ದು ಈ ಎರಡನೆಯದನ್ನು. ಒಂದೇ ಏಟಿಗೆ ಪ್ರಪಂಚದ ಅರ್ಧಕ್ಕರ್ಧ ಜನ "ಕಡಿಮೆ" ಆಗಿಬಿಟ್ಟರು. ಭಾರತದಲ್ಲಂತೂ ಯಾವ ಊರಿನಲ್ಲಿ ಅಳೆದರೂ ಬಹುಪಾಲು ಮಂದಿ ಆ ಗೆರೆಯ ಕೆಳಗೇ ಇರುತ್ತಾರೆ.

ಅದಾದ ಮೇಲೆ ದೊಡ್ಡ ದೊಡ್ಡ ಅಧ್ಯಯನಗಳು ಬಂದವು. ಅಮೆರಿಕದ ವೈಟಲ್ ಅಧ್ಯಯನದಲ್ಲಿ 25,871 ಮಂದಿಯಲ್ಲಿ ಕೆಲವರಿಗೆ ದಿನಕ್ಕೆ 2,000 ಯುನಿಟ್ ಡಿ3, ಉಳಿದವರಿಗೆ ಹುಸಿ ಮಾತ್ರೆ ಕೊಟ್ಟು ಐದು ವರ್ಷ ನೋಡಿದರು. ಹೃದಯಾಘಾತವಾಗಲಿ, ಹೊಸದಾಗಿ ಬರುವ ಕ್ಯಾನ್ಸರ್ ಆಗಲಿ ಕಡಿಮೆಯಾಗಲಿಲ್ಲ. 2022ರಲ್ಲಿ ಪ್ರಕಟವಾದ ಮುಂದುವರಿದ ಲೆಕ್ಕದಲ್ಲಿ ಮೂಳೆ ಮುರಿತವೂ ಕಡಿಮೆಯಾದದ್ದು ಕಾಣಲಿಲ್ಲ. ಇದಕ್ಕೆ ಒಂದು ಷರಾ ಸೇರಿಸಬೇಕು. ಅಲ್ಲಿ ಸೇರಿದ್ದವರಲ್ಲಿ ಬಹುತೇಕರಿಗೆ ಮೊದಲೇ ಡಿ ಸಾಕಷ್ಟಿತ್ತು. ಸಾಕಷ್ಟಿರುವವರಿಗೆ ಇನ್ನಷ್ಟು ಕೊಟ್ಟರೆ ಲಾಭವಿಲ್ಲ ಎಂದು ಅದು ತೋರಿಸಿತೇ ಹೊರತು ಕೊರತೆಯಿದ್ದವರಿಗೂ ಬೇಡ ಎಂದು ತೋರಿಸಲಿಲ್ಲ. ಕೊನೆಗೆ 2024ರಲ್ಲಿ ಎಂಡೋಕ್ರೈನ್ ಸೊಸೈಟಿಯೇ ತನ್ನ 30ರ ಗೆರೆಯನ್ನು ಕೈಬಿಟ್ಟಿತು. ಆರೋಗ್ಯವಾಗಿರುವ ದೊಡ್ಡವರಿಗೆ ಸುಮ್ಮಸುಮ್ಮನೆ ಈ ಪರೀಕ್ಷೆ ಬೇಡ ಎಂದೂ ಹೇಳಿತು. ಲ್ಯಾಬ್ ರಿಪೋರ್ಟಿನ ಗೆರೆಗಳು ಮಾತ್ರ ಬಹಳ ಕಡೆ ಹಾಗೇ ಇವೆ. ಬಾಣವೂ ಹಾಗೇ ಇದೆ.

ಹಾಗಾದರೆ ಹೇಗೆ ಓದುವುದು? 10ರ ಆಸುಪಾಸು ಅಥವಾ ಅದಕ್ಕೂ ಕೆಳಗಿದ್ದರೆ ಯಾವ ಪಂಗಡದ ತಜ್ಞರೂ ತಕರಾರು ಮಾಡುವುದಿಲ್ಲ. ಅದು ಕೊರತೆಯೇ, ಚಿಕಿತ್ಸೆ ಬೇಕು. 12ರಿಂದ 20ರ ನಡುವೆ ಇದ್ದರೆ ಡಿ ತೆಗೆದುಕೊಳ್ಳುವುದು ಒಳ್ಳೆಯದು, ಗಾಬರಿ ಬೇಡ. 20ರಿಂದ 30ರ ನಡುವೆ, ಮೈಕೈ ನೋವಿಲ್ಲದ, ಮೂಳೆ ಸವೆತವಿಲ್ಲದ ಆರೋಗ್ಯವಂತರಿಗೆ ಅರವತ್ತು ಸಾವಿರದ ಕೋರ್ಸ್ ಬೇಕಿಲ್ಲ. ತಲೆಬರಹದ 22.6 ಇರುವುದು ಇಲ್ಲೇ. ಬೇಕೆಂದರೆ ದಿನಕ್ಕೆ 600ರಿಂದ 1,000 ಯುನಿಟ್ ಸಾಕು, ಇಲ್ಲವೆಂದರೆ ಬಿಸಿಲು. ಆಸ್ಟಿಯೊಪೊರೋಸಿಸ್ ಇದ್ದವರಿಗೆ, ವರ್ಷಗಟ್ಟಲೆ ಸ್ಟಿರಾಯ್ಡ್ ನುಂಗುವವರಿಗೆ ವೈದ್ಯರು 30ರ ಮೇಲಿರಲಿ ಎನ್ನುತ್ತಾರೆ, ಅದಕ್ಕೆ ಅರ್ಥವಿದೆ. 30ರಿಂದ 50 ಇದ್ದರೆ ರಿಪೋರ್ಟ್ ಮಡಚಿಡಿ. 50 ದಾಟಿದರೆ ಹೆಚ್ಚಿನ ಲಾಭವೇನೂ ಇಲ್ಲ, ತೆಗೆದುಕೊಳ್ಳುತ್ತಿರುವುದನ್ನು ಇಳಿಸುವ ಹೊತ್ತು. 100 ದಾಟಿದರೆ ಎಲ್ಲ ನಿಲ್ಲಿಸಿ, ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿ. 150ರ ಮೇಲೆ ಹೋಗಿದ್ದರೆ ನಾಳೆ ನೋಡೋಣ ಎನ್ನಬೇಡಿ, ಅವತ್ತೇ ವೈದ್ಯರ ಬಳಿ ಹೋಗಿ.

ಅಂಕಿಯ ಜೊತೆ ಆಳನ್ನೂ ನೋಡಬೇಕು. ನಿಜವಾದ, ಬಹುಕಾಲದ ಕೊರತೆಯಲ್ಲಿ ಮೂಳೆ ಮೆತ್ತಗಾಗುತ್ತದೆ. ಸೊಂಟ, ತೊಡೆ, ಪಕ್ಕೆಲುಬು ಒತ್ತಿದರೆ ನೋಯುತ್ತವೆ. ನೆಲದಲ್ಲಿ ಕೂತವರಿಗೆ, ಇಂಡಿಯನ್ ಟಾಯ್ಲೆಟ್‌ನಲ್ಲಿ ಕುಕ್ಕರಗಾಲಲ್ಲಿ ಕೂತವರಿಗೆ ಕೈಯೂರದೆ ಏಳಲಾಗುವುದಿಲ್ಲ. ಮೆಟ್ಟಿಲು ಹತ್ತುವಾಗ ತೊಡೆ ಸೋಲುತ್ತದೆ. ಹೀಗಿದ್ದರೆ ಡಿ ಒಂದನ್ನೇ ನೋಡಿದರೆ ಸಾಲದು. ಕ್ಯಾಲ್ಸಿಯಂ, ಫಾಸ್ಫರಸ್, ಅಲ್ಕಲೈನ್ ಫಾಸ್ಫಟೇಸ್, ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನ್) ಕೂಡ ನೋಡಬೇಕು. ಡಿ 9, ಅಲ್ಕಲೈನ್ ಫಾಸ್ಫಟೇಸ್ ಮತ್ತು ಪಿಟಿಎಚ್ ಎರಡೂ ಏರಿವೆ ಎಂದರೆ ಕೊರತೆ ಮೂಳೆಯವರೆಗೂ ಇಳಿದಿದೆ ಎಂದು ಅರ್ಥ. ಡಿ 24, ಉಳಿದದ್ದೆಲ್ಲ ಸರಿ, ಕಂಪ್ಲೇಂಟು ಬರೀ ಸುಸ್ತು ಎಂದಾದರೆ ಆ ಸುಸ್ತಿಗೆ ಡಿ ಕಾರಣವಾಗಿರುವ ಸಂಭವ ಕಡಿಮೆ. ಹಿಮೊಗ್ಲೋಬಿನ್, ಥೈರಾಯ್ಡ್, ಬಿ12, ನಿದ್ದೆ ಇವುಗಳ ಕಡೆ ಕಣ್ಣು ಹಾಯಿಸಿ. ಡಿಯ ಮೇಲೆ ತಪ್ಪು ಹೊರಿಸಿ ಅನೀಮಿಯಾವನ್ನು ಆರು ತಿಂಗಳು ಬೆಳೆಯಲು ಬಿಟ್ಟವರು ನಮ್ಮಲ್ಲಿ ಕಡಿಮೆಯಿಲ್ಲ.

ಅರವತ್ತು ಸಾವಿರದ ಲೆಕ್ಕ

ವಿಟಮಿನ್ ಡಿಯನ್ನು ಯುನಿಟ್‌ಗಳಲ್ಲಿ ಅಳೆಯುತ್ತಾರೆ. ಮಾತ್ರೆಯ ಮೇಲೆ ಐಯು ಎಂದು ಬರೆದಿರುವುದು ಅದೇ. 40 ಯುನಿಟ್ ಎಂದರೆ ಒಂದು ಮೈಕ್ರೊಗ್ರಾಂ. ಹಾಗಾಗಿ ಅರವತ್ತು ಸಾವಿರ ಯುನಿಟ್ ಎಂದರೆ ಒಂದೂವರೆ ಮಿಲಿಗ್ರಾಂ, ಚಿಟಿಕೆಯೂ ಅಲ್ಲದಷ್ಟು. ಸ್ಯಾಶೆಯಲ್ಲಿ ಉಳಿದದ್ದೆಲ್ಲ ಸಕ್ಕರೆ, ರುಚಿ, ಬಣ್ಣ ಇತ್ಯಾದಿ. ಇಷ್ಟು ಸಣ್ಣದು ಏನು ಮಾಡೀತು ಎಂಬ ಅಸಡ್ಡೆಗೆ ಇದೂ ಒಂದು ಕಾರಣವಿರಬಹುದು.

ಯಾವ ಡೋಸನ್ನೇ ಆಗಲಿ ದಿನದ ಲೆಕ್ಕಕ್ಕೆ ಇಳಿಸಿ ನೋಡಿದರೆ ಗೊಂದಲ ಅರ್ಧ ಕಡಿಮೆಯಾಗುತ್ತದೆ. ಐಸಿಎಂಆರ್ ಮತ್ತು ಹೈದರಾಬಾದಿನ ಎನ್‌ಐಎನ್ 2020ರಲ್ಲಿ ಕೊಟ್ಟ ಪಟ್ಟಿಯ ಪ್ರಕಾರ ದೊಡ್ಡವರಿಗೆ ದಿನಕ್ಕೆ 600 ಯುನಿಟ್ ಬೇಕು. ವೈದ್ಯರ ನಿಗಾ ಇಲ್ಲದೆ ದೀರ್ಘಕಾಲ ದಿನಕ್ಕೆ 4,000 ಮೀರಬಾರದು ಎಂಬುದು ಬಹುತೇಕ ಎಲ್ಲರೂ ಒಪ್ಪುವ ಮಿತಿ. ಈಗ ಅರವತ್ತು ಸಾವಿರವನ್ನು ತಿಂಗಳಿಗೊಂದು ತೆಗೆದುಕೊಂಡರೆ ದಿನಕ್ಕೆ 2,000 ಆಯಿತು, ಮಿತಿಯೊಳಗೇ ಇದೆ. ವಾರಕ್ಕೊಂದಾದರೆ ದಿನಕ್ಕೆ ಸುಮಾರು 8,500. ಮಿತಿಯ ಎರಡು ಪಟ್ಟಿಗಿಂತ ಜಾಸ್ತಿ. ಎಂಟು ವಾರದ ಮಟ್ಟಿಗೆ, ಕೊರತೆ ತುಂಬಿಸಲು, ಅದು ಸರಿ. ವರ್ಷವಿಡೀ ಅಲ್ಲ. ವರ್ಷವಿಡೀ ಕುಡಿದರೆ 31 ಲಕ್ಷ ಯುನಿಟ್ ಒಳಗೆ ಹೋಗುತ್ತದೆ, ಅದರಲ್ಲಿ ಬಹುಪಾಲು ಕೊಬ್ಬಿನಲ್ಲಿ ಸೇರಿಕೊಂಡು ಕೂರುತ್ತದೆ.

ಖಾಲಿ ಸಂಪಿಗೆ ಟ್ಯಾಂಕರ್ ತರಿಸುತ್ತೇವೆ, ತುಂಬಿದ ಮೇಲೆ ದಿನ ಬಳಸಿದಷ್ಟು ನಲ್ಲಿ ನೀರು ಬಂದರೆ ಸಾಕು. ಡಿ ಚಿಕಿತ್ಸೆಯೂ ಹೀಗೆ ಎರಡು ಹಂತದ್ದು. ಮೊದಲನೆಯದನ್ನು ಚೀಟಿಯಲ್ಲಿ ಬರೆಯುತ್ತಾರೆ. ಎರಡನೆಯದನ್ನು ಬರೆಯದೇ ಇರುವುದೂ ಉಂಟು, ಬರೆದರೂ ನಾವು ಓದದೇ ಇರುವುದೂ ಉಂಟು. ಮುಖ್ಯವಾದದ್ದು ಆ ಎರಡನೆಯದೇ.

ಒಂದು ಉದಾಹರಣೆ ಹಿಡಿದು ನೋಡೋಣ. ದಾವಣಗೆರೆಯಲ್ಲಿ 58 ವರ್ಷದ ಗೃಹಿಣಿ ಒಬ್ಬರಿದ್ದಾರೆ ಎಂದುಕೊಳ್ಳಿ. ತೂಕ ಹೆಚ್ಚಿಲ್ಲ, ಕಿಡ್ನಿ ಸರಿಯಿದೆ, ಕ್ಯಾಲ್ಸಿಯಂ ನಾರ್ಮಲ್. ಡಿ 9.8. ವೈದ್ಯರು ವಾರಕ್ಕೊಂದರಂತೆ ಎಂಟು ವಾರ ಅರವತ್ತು ಸಾವಿರ ಬರೆದರು, ಒಟ್ಟು 4.8 ಲಕ್ಷ. ಅವರು ಭಾನುವಾರ ಮಧ್ಯಾಹ್ನ ಊಟದ ಮೇಲೆ ಹಾಲಿನಲ್ಲಿ ಕಲಸಿ ಕುಡಿದು, ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಗುಂಡು ಹಾಕುತ್ತಾ ಹೋದರು. ಎಂಟು ಗುಂಡು ಆದ ಮೇಲೆ ದಿನಕ್ಕೆ 2,000 ಯುನಿಟ್ಟಿನ ಮಾತ್ರೆ. ಶುರು ಮಾಡಿ ಮೂರು ಮೂರೂವರೆ ತಿಂಗಳಾದಾಗ ಅದೇ ಲ್ಯಾಬಿನಲ್ಲಿ ಮತ್ತೆ ಪರೀಕ್ಷೆ. 34 ಬಂತು. ಇಲ್ಲಿ ತಪ್ಪಾಗುವ ಸಾಧ್ಯತೆ ಎರಡು ಕಡೆ ಇದೆ. "34 ಬಂತಲ್ಲ, ಇನ್ನು ಬೇಡ" ಎಂದು ಪೂರ್ತಿ ಬಿಟ್ಟರೆ ಕೆಲವೇ ತಿಂಗಳಲ್ಲಿ ಬಹುತೇಕ ಹಳೆಯ ಜಾಗಕ್ಕೆ ಇಳಿಯುತ್ತದೆ, ಏಕೆಂದರೆ ಅವರನ್ನು 9.8ಕ್ಕೆ ತಂದ ಜೀವನ ಹಾಗೇ ಇದೆ. "34 ತಾನೇ, ಇನ್ನೊಂದು ಎಂಟು ವಾರ ಆಗಲಿ" ಎಂದರೆ ಬೇಡದ ಕಡೆ ಏರುತ್ತದೆ. ಸರಿಯಾದದ್ದು ಈಗಿನ ಡೋಸನ್ನೇ ಮುಂದುವರಿಸುವುದು.

ಆ ಮುಂದುವರಿಕೆಯ ಡೋಸನ್ನು ಹೇಗೆ ನಿರ್ಧರಿಸುವುದು ಎಂಬುದಕ್ಕೆ ಒರಟು ಲೆಕ್ಕವೊಂದಿದೆ. ದಿನಕ್ಕೆ 100 ಯುನಿಟ್ಟನ್ನು ಮೂರು ತಿಂಗಳು ತಪ್ಪದೆ ತೆಗೆದುಕೊಂಡರೆ ಅಂಕಿ ಒಂದರ ಆಸುಪಾಸು, ಕೆಲವರಲ್ಲಿ ಮುಕ್ಕಾಲಿನಷ್ಟು, ಏರುತ್ತದೆ. ಔಷಧಿಯಿಲ್ಲದಿದ್ದಾಗ 10ರಲ್ಲಿ ಇರುವವರು ದಿನಕ್ಕೆ 1,000 ತೆಗೆದುಕೊಂಡರೆ 18-20ರ ಬಳಿ ನಿಲ್ಲುತ್ತಾರೆ. 2,000 ಆದರೆ 25-30. ಕೆಳಗಿನ ಮಟ್ಟದಲ್ಲಿ ಏರಿಕೆ ಚುರುಕು, ಮೇಲೆ ಹೋದಂತೆ ನಿಧಾನ. ದಪ್ಪ ಇರುವವರಲ್ಲಿ ಇದೇ ಡೋಸಿಗೆ ಅಂಕಿ ಅರ್ಧದಷ್ಟು ಮಾತ್ರ ಏರಬಹುದು, ಹಾಗಾಗಿ ಅವರಿಗೆ ಎರಡು ಮೂರು ಪಟ್ಟು ಬೇಕಾಗುವುದುಂಟು. ಡೋಸ್ ಬದಲಿಸಿದಾಗಲೆಲ್ಲ ಮೂರು ತಿಂಗಳು ಕಾಯದೆ ಪರೀಕ್ಷೆ ಮಾಡಿಸಿದರೆ ದುಡ್ಡು ದಂಡ. ಸ್ಯಾಶೆ ಕುಡಿದ ವಾರದೊಳಗೆ ರಕ್ತ ಕೊಟ್ಟರೆ ಅಂಕಿ ಆ ಹೊತ್ತಿಗೆ ಉಬ್ಬಿ ಕಾಣುತ್ತದೆ. ಮುಂದಿನ ಡೋಸಿಗೆ ಮುಂಚಿನ ದಿನ ಕೊಡುವುದು ಮೇಲು. ಒಮ್ಮೆ ಸರಿಯಾದ ಮಟ್ಟಕ್ಕೆ ಬಂದು ಡೋಸ್ ಬದಲಾಗದೆ ನಡೆಯುತ್ತಿದ್ದರೆ ವರ್ಷಕ್ಕೊಮ್ಮೆ ನೋಡಿದರೂ ಹೆಚ್ಚೇ.

ದಿನದ ಮಾತ್ರೆಯೋ, ತಿಂಗಳ ಸ್ಯಾಶೆಯೋ? ನನ್ನ ಒಲವು ದಿನದ ಸಣ್ಣ ಡೋಸಿನ ಕಡೆಗೆ. ಐವತ್ತು ದಾಟಿದವರಿಗೆ ಎಂಡೋಕ್ರೈನ್ ಸೊಸೈಟಿಯ ಹೊಸ ಸಲಹೆಯೂ ಅದೇ. ದೇಹ ಬಿಸಿಲಿನಿಂದ ಡಿ ಪಡೆಯುತ್ತಿದ್ದುದೂ ದಿನಾ ಸ್ವಲ್ಪ ಸ್ವಲ್ಪವೇ. ಆದರೆ ಬಿಪಿ, ಶುಗರ್ ಮಾತ್ರೆಗಳ ಜೊತೆ ಇನ್ನೊಂದನ್ನು ದಿನಾ ನೆನಪಿಡಲಾಗದ ಅಜ್ಜನಿಗೆ ತಿಂಗಳ ಮೊದಲ ಭಾನುವಾರದ ಸ್ಯಾಶೆಯೇ ವಾಸಿ. ಬಿಟ್ಟುಹೋಗುವ ಒಳ್ಳೆಯ ಡೋಸಿಗಿಂತ ತಪ್ಪದೆ ನಡೆಯುವ ಸಾಧಾರಣ ಡೋಸ್ ಮೇಲು. ಬೇಡವಾದದ್ದು ಇನ್ನೊಂದಿದೆ: ಆರು ಲಕ್ಷ ಯುನಿಟ್ಟಿನ ಇಂಜೆಕ್ಷನ್. ಒಂದೇ ಚುಚ್ಚಿಗೆ ಮುಗಿಯಲಿ ಎಂದು ಕೇಳಿ ಹಾಕಿಸಿಕೊಳ್ಳುವವರಿದ್ದಾರೆ. ಆಸ್ಟ್ರೇಲಿಯಾದಲ್ಲಿ ಎಪ್ಪತ್ತು ದಾಟಿದ ಹೆಂಗಸರಿಗೆ ವರ್ಷಕ್ಕೊಮ್ಮೆ ಐದು ಲಕ್ಷ ಯುನಿಟ್ ಬಾಯಿಯ ಮೂಲಕ ಕೊಟ್ಟು ನೋಡಿದ್ದರು. 2010ರಲ್ಲಿ ಬಂದ ಫಲಿತಾಂಶ ತಿರುಗುಬಾಣವಾಗಿತ್ತು. ಔಷಧಿ ತೆಗೆದುಕೊಂಡವರೇ ಹೆಚ್ಚು ಬಿದ್ದರು, ಹೆಚ್ಚು ಮೂಳೆ ಮುರಿದುಕೊಂಡರು. ಮಾತ್ರೆ ಮೈಗೆ ಹತ್ತದ ಕರುಳಿನ ಕಾಯಿಲೆ ಇದ್ದವರಿಗೆ ವೈದ್ಯರು ಇಂಜೆಕ್ಷನ್ ಕೊಟ್ಟರೆ ಅದು ಬೇರೆ ಮಾತು.

ಕುಡಿದರೂ ಏರಲಿಲ್ಲ

ಎಂಟು ವಾರದ ಕೋರ್ಸ್ ಮುಗಿಸಿದವರ ಅಂಕಿ 14ರಲ್ಲೇ ನಿಂತಿದ್ದರೆ ಡೋಸ್ ಏರಿಸುವ ಮೊದಲು ಮಾತ್ರೆಯ ಹಿಂಬದಿ ಓದಿ. ನಮ್ಮಲ್ಲಿ ಮಾರುವ ಎಷ್ಟೋ ಕ್ಯಾಲ್ಸಿಯಂ ಕ್ಯಾಪ್ಸೂಲುಗಳಲ್ಲಿ ಇರುವುದು ಡಿ3 ಅಲ್ಲ, ಕ್ಯಾಲ್ಸಿಟ್ರಿಯಾಲ್ 0.25 ಮೈಕ್ರೊಗ್ರಾಂ. ಅದು ಕಿಡ್ನಿ ತಯಾರಿಸುವ ಹಾರ್ಮೋನಿನ ಸಿದ್ಧರೂಪ, ದಾಸ್ತಾನಿಗೆ ಸೇರುವುದಿಲ್ಲ. ವರ್ಷವಿಡೀ ನುಂಗಿದರೂ 25-ಹೈಡ್ರಾಕ್ಸಿ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಆಲ್ಫಾಕ್ಯಾಲ್ಸಿಡಾಲ್ ಕೂಡ ಹಾಗೇ. ಬೇಕಾದದ್ದು ಕೋಲೆಕ್ಯಾಲ್ಸಿಫೆರಾಲ್, ಅಂದರೆ ಡಿ3. ಕ್ಯಾಲ್ಸಿಯಂ ಜೊತೆ ಡಿ3 ಇದ್ದರೂ ಒಂದು ಮಾತ್ರೆಯಲ್ಲಿ 250 ಯುನಿಟ್ ಮಾತ್ರ ಇರುವುದು ಸಾಮಾನ್ಯ. ಆಳವಾದ ಕೊರತೆಗೆ ಅದು ಯಾತಕ್ಕೂ ಸಾಲದು.

ಹೆಸರು ಸರಿಯಿದ್ದರೆ ಮುಂದಿನ ಪ್ರಶ್ನೆ, ಯಾವಾಗ ತೆಗೆದುಕೊಂಡಿರಿ? ಡಿ ಕೊಬ್ಬಿನಲ್ಲಿ ಕರಗುವ ವಸ್ತು. ಬೆಳಿಗ್ಗೆ ಖಾಲಿ ಹೊಟ್ಟೆಗೆ ನೀರಿನಲ್ಲಿ ಕುಡಿದರೆ ಹೀರಿಕೆ ಕಡಿಮೆ. ತುಪ್ಪವೋ ಎಣ್ಣೆಯೋ ಇರುವ, ದಿನದ ದೊಡ್ಡ ಊಟದ ಜೊತೆ ತೆಗೆದುಕೊಳ್ಳಿ. ಫಿಟ್ಸ್‌ಗೆ ಕೊಡುವ ಫೆನಿಟೋಯಿನ್, ಕಾರ್ಬಮಾಜೆಪಿನ್, ಟಿಬಿಗೆ ಕೊಡುವ ರಿಫಾಂಪಿಸಿನ್ ಇವು ಯಕೃತ್ತಿನಲ್ಲಿ ಡಿಯನ್ನು ಬೇಗ ಕರಗಿಸುತ್ತವೆ. ಗೋಧಿ ಆಗದ ಸೀಲಿಯಾಕ್ ಕಾಯಿಲೆ, ತೂಕ ಇಳಿಸಲು ಹೊಟ್ಟೆಯ ಆಪರೇಷನ್, ಪಿತ್ತರಸದ ತೊಂದರೆ ಇವೂ ಕಾರಣವಿರಬಹುದು. ಇದಾವುದೂ ಇಲ್ಲವೆಂದರೆ ಸುಮ್ಮನೆ ಕೇಳಿನೋಡಿ, ಸ್ಯಾಶೆಗಳು ಫ್ರಿಜ್ಜಿನ ಬಾಗಿಲಲ್ಲೇ ಉಳಿದಿರಬಹುದು.

ಸಸ್ಯಾಹಾರಿಗಳು ಕೇಳುವ ಒಂದು ಪ್ರಶ್ನೆ ಇಲ್ಲೇ ಮುಗಿಸುತ್ತೇನೆ. ಪೇಟೆಯ ಡಿ3 ಬಹುಪಾಲು ಕುರಿಯ ಉಣ್ಣೆಯ ಜಿಡ್ಡಿನಿಂದ ತೆಗೆದದ್ದು, ಕುರಿಗೆ ಜೀವಹಾನಿ ಇಲ್ಲ. ಮೆತ್ತನೆಯ ಕ್ಯಾಪ್ಸೂಲಿನ ಹೊರಕವಚ ಸಾಮಾನ್ಯವಾಗಿ ಪ್ರಾಣಿಜನ್ಯ ಜೆಲಟಿನ್. ಅದು ಬೇಡವೆನ್ನುವವರು ಸ್ಯಾಶೆ ಅಥವಾ ಅಗಿಯುವ ಮಾತ್ರೆ ಕೇಳಬಹುದು. ಕಲ್ಲುಹೂವಿನ ಜಾತಿಯಿಂದ ತೆಗೆದ ಡಿ3 ಕೂಡ ಸಿಗುತ್ತದೆ, ತುಸು ದುಬಾರಿ.

ಊಟದಿಂದಲೇ ಸರಿಮಾಡಿಕೊಳ್ಳುತ್ತೇನೆ ಎನ್ನುವವರಿಗೆ ನಮ್ಮ ಅಡುಗೆಮನೆ ಹೆಚ್ಚು ನೆರವಾಗುವುದಿಲ್ಲ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳ, ಡಿ ಇಲ್ಲ. ಮೊಟ್ಟೆಯ ಹಳದಿಯಲ್ಲಿ ಸ್ವಲ್ಪ, ಕರಾವಳಿಯ ಬೂತಾಯಿ ಬಂಗುಡೆಯಲ್ಲಿ ಇನ್ನಷ್ಟು. ನೀಲಿ ಗುರುತಿನಲ್ಲಿ ಎಫ್ ಎಂದು ಬರೆದ, ಡಿ ಸೇರಿಸಿದ ಹಾಲಿನಿಂದಲೂ ಒಂದು ಲೋಟಕ್ಕೆ ಐವತ್ತರ ಆಸುಪಾಸು ಯುನಿಟ್ ಸಿಕ್ಕೀತು. ಆದರೂ ರಾಗಿ, ಹಾಲು, ಮೊಸರು ಬಿಡಬೇಡಿ. ಡಿ ಏರಿಸಿ ಕ್ಯಾಲ್ಸಿಯಂ ಕೊಡದಿದ್ದರೆ ಮೂಳೆಗೆ ಸಿಗುವುದೇನು?

ಬಿಸಿಲಿನ ವಿಷಯದಲ್ಲಿ ನಮ್ಮ ತಪ್ಪು ಹೊತ್ತಿನದು. ಚರ್ಮದಲ್ಲಿ ಡಿ ತಯಾರಿಸುವ ಯುವಿಬಿ ಕಿರಣ ನೆಲಮುಟ್ಟುವುದು ಸೂರ್ಯ ಎತ್ತರದಲ್ಲಿದ್ದಾಗ. ಬೆಳಗಿನ ಆರೂವರೆಯ ವಾಕಿಂಗ್, ಎಳೆಬಿಸಿಲಿನ ಸೂರ್ಯನಮಸ್ಕಾರ ಮೈಗೆ ಒಳ್ಳೆಯವೇ, ಡಿಗೆ ಅಲ್ಲ. ನಿಮ್ಮ ನೆರಳು ನಿಮಗಿಂತ ಗಿಡ್ಡವಿದ್ದಾಗ ಡಿ ತಯಾರಾಗುತ್ತದೆ ಎಂದು ಲೆಕ್ಕ ಇಟ್ಟುಕೊಳ್ಳಿ. ಬೆಂಗಳೂರಿನಂಥ ಕಡೆ ವರ್ಷವಿಡೀ ಅದು ಮಧ್ಯಾಹ್ನದ ಆಚೀಚೆಯ ಕೆಲವು ಗಂಟೆ. ಕೈಕಾಲಿಗೆ ಬಿಸಿಲು ತಾಗಬೇಕು. ಕಿಟಕಿಯ ಗಾಜಿನ ಹಿಂದೆ ಕೂತರೆ ಬಿಸಿ ಬರುತ್ತದೆ, ಯುವಿಬಿ ಬರುವುದಿಲ್ಲ. ಕಪ್ಪು ಮೈಬಣ್ಣಕ್ಕೆ ಬಿಳಿಯರಿಗಿಂತ ಹೆಚ್ಚು ಹೊತ್ತು ಬೇಕು. ಬಾಸ್ಟನ್, ಟೊರಾಂಟೊ, ಲಂಡನ್ನಿನಲ್ಲಿರುವ ನಮ್ಮವರಿಗೆ ನವೆಂಬರಿನಿಂದ ಫೆಬ್ರವರಿವರೆಗೆ ಅಂಗಳದಲ್ಲಿ ನಿಂತರೂ ಪ್ರಯೋಜನವಿಲ್ಲ, ಸೂರ್ಯ ಅಷ್ಟು ಕೆಳಗೆ ಓಡಾಡುತ್ತಾನೆ. ಬ್ರಿಟನ್ನಿನಲ್ಲಿ ಚಳಿಗಾಲದುದ್ದಕ್ಕೂ ದಿನಕ್ಕೆ 400 ಯುನಿಟ್ ತೆಗೆದುಕೊಳ್ಳಿ ಎಂದು ಸರ್ಕಾರವೇ ಹೇಳುತ್ತದೆ. ಕಪ್ಪು ಮೈಬಣ್ಣದವರು ವರ್ಷವಿಡೀ ತೆಗೆದುಕೊಳ್ಳುವುದನ್ನು ಯೋಚಿಸಿ ಎನ್ನುತ್ತದೆ.

ವಾರಕ್ಕೊಂದು ದಿನಕ್ಕೊಂದಾದಾಗ

ಡಿ ವಿಷವಾಗುವುದು ಅಪರೂಪ. ಆದರೆ ಆಗುವ ಬಗೆ ನಮ್ಮಲ್ಲಿ ಹೆಚ್ಚು ಕಡಿಮೆ ಒಂದೇ. ಚೀಟಿಯ ಇಂಗ್ಲಿಷ್ ಗೀಚಿನಲ್ಲಿ ವಾರಕ್ಕೊಂದು ಎಂದಿದ್ದದ್ದು ಮನೆಯಲ್ಲಿ ದಿನಕ್ಕೊಂದಾಗುತ್ತದೆ. ತಿಂಗಳಲ್ಲಿ 18 ಲಕ್ಷ ಯುನಿಟ್. ಇಲ್ಲವೇ ಇಬ್ಬರು ವೈದ್ಯರು, ಒಬ್ಬರಿಗೆ ಗೊತ್ತಿಲ್ಲದೆ ಇನ್ನೊಬ್ಬರು, ಇಂಜೆಕ್ಷನ್ ಒಂದು ಕಡೆ ಸ್ಯಾಶೆ ಇನ್ನೊಂದು ಕಡೆ ಕೊಟ್ಟಿರುತ್ತಾರೆ. ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ವಾಕರಿಕೆ, ಊಟ ಸೇರದಿರುವುದು, ಮಲಬದ್ಧತೆ, ತೀರದ ಬಾಯಾರಿಕೆ, ಪದೇ ಪದೇ ಮೂತ್ರ, ವಯಸ್ಸಾದವರಲ್ಲಿ ಮಾತು ತಪ್ಪುವಷ್ಟು ಗೊಂದಲ. ಕೊನೆಗೆ ಕಿಡ್ನಿಗೆ ಪೆಟ್ಟು. ಔಷಧಿ ನಿಲ್ಲಿಸಿದರೂ ಕೊಬ್ಬಿನಲ್ಲಿ ಕೂತದ್ದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹೊರಬರುತ್ತಲೇ ಇರುತ್ತದೆ. ಮೆಡಿಕಲ್ ಶಾಪಿನವರ ಹತ್ತಿರ ಪೊಟ್ಟಣದ ಮೇಲೆ "ವಾರಕ್ಕೆ ಒಂದು, ಭಾನುವಾರ" ಎಂದು ಕನ್ನಡದಲ್ಲಿ ಬರೆಸಿಕೊಳ್ಳುವುದಕ್ಕೆ ನಾಚಿಕೆ ಬೇಡ.

ಕಿಡ್ನಿಯಲ್ಲಿ ಕಲ್ಲಾಗಿದ್ದವರು, ಕಿಡ್ನಿ ದುರ್ಬಲವಾಗಿರುವವರು, ಟಿಬಿ ಅಥವಾ ಸಾರ್ಕಾಯ್ಡೋಸಿಸ್ ಇರುವವರು, ಬಿಪಿಗೆ ಥಯಜೈಡ್ ಜಾತಿಯ ಮಾತ್ರೆ ಅಥವಾ ಹೃದಯಕ್ಕೆ ಡಿಗಾಕ್ಸಿನ್ ತೆಗೆದುಕೊಳ್ಳುವವರು ಸ್ವಂತ ಬುದ್ಧಿಯಿಂದ ಅರವತ್ತು ಸಾವಿರಕ್ಕೆ ಕೈ ಹಾಕಬಾರದು. ಟಿಬಿಯಲ್ಲಿ, ಸಾರ್ಕಾಯ್ಡ್‌ನಲ್ಲಿ ರೋಗದ ಗಂಟುಗಳೇ ಡಿಯನ್ನು ಹಾರ್ಮೋನಾಗಿ ಬದಲಿಸುತ್ತವೆ, ಕಿಡ್ನಿಯ ಲಗಾಮು ಅಲ್ಲಿಲ್ಲ. ಡಿ ಅಂಕಿ ಸಾಧಾರಣವೇ ಇದ್ದರೂ ಕ್ಯಾಲ್ಸಿಯಂ ಏರಬಹುದು. ಡಿ ಕಡಿಮೆಯಿದ್ದೂ ಕ್ಯಾಲ್ಸಿಯಂ ಮೊದಲೇ ಹೆಚ್ಚಿದ್ದರೆ ಪ್ಯಾರಾಥೈರಾಯ್ಡ್ ಗ್ರಂಥಿಯನ್ನು ಪರೀಕ್ಷಿಸದೆ ಡಿ ಶುರು ಮಾಡುವುದಿಲ್ಲ.

ಇನ್ನು ಹಸುಗೂಸುಗಳು. ಅವಕ್ಕೆ ರಕ್ತಪರೀಕ್ಷೆಯ ಅಗತ್ಯವೇ ಇಲ್ಲ. ಎದೆಹಾಲಿನಲ್ಲಿ ಡಿ ಅತ್ಯಲ್ಪ, ಹಾಗಾಗಿ ಹುಟ್ಟಿದ ಮೊದಲ ದಿನಗಳಿಂದ ವರ್ಷ ತುಂಬುವವರೆಗೆ ದಿನಕ್ಕೆ 400 ಯುನಿಟ್ ಹನಿ ಹಾಕಿ ಎಂದು ಮಕ್ಕಳ ವೈದ್ಯರು ಬರೆಯುತ್ತಾರೆ. ಇಲ್ಲಿ ಎಚ್ಚರ ಬೇಕಾದ್ದು ಬಾಟಲಿಯಲ್ಲಿ. ಒಂದು ಕಂಪನಿಯದರಲ್ಲಿ ಒಂದು ಮಿ.ಲೀ.ಗೆ 400, ಇನ್ನೊಂದರದರಲ್ಲಿ 800, ಮತ್ತೊಂದರಲ್ಲಿ ಒಂದೇ ಹನಿಗೆ 400 ಇರುತ್ತದೆ. ಹನಿ ಲೆಕ್ಕದ ಬಾಟಲಿಯನ್ನು ಮಿ.ಲೀ. ಲೆಕ್ಕದಲ್ಲಿ ಕುಡಿಸಿದರೆ ಹತ್ತಾರು ಪಟ್ಟು ಹೆಚ್ಚಾಗುತ್ತದೆ. ಅಂಗಡಿಯವರು "ಅದಿಲ್ಲ ಅಕ್ಕ, ಇದೂ ಅದೇ" ಎಂದು ಬೇರೆ ಬಾಟಲಿ ಕೊಟ್ಟ ದಿನ ಹಳೆಯ ಡ್ರಾಪರ್ ಎಸೆದು, ಹೊಸದರ ಜೊತೆ ಬಂದ ಡ್ರಾಪರನ್ನೇ ಬಳಸಿ, ಎಷ್ಟು ಹಾಕಬೇಕೆಂದು ವೈದ್ಯರನ್ನು ಫೋನಿನಲ್ಲಾದರೂ ಮತ್ತೊಮ್ಮೆ ಕೇಳಿ.